ಖಾರ ನಮ್ಮದು, ಮೀನು ಯಾರದು?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕೂತವರ ಮುಂದೆ ಮಂಗಳೂರಿನ ಮೀನುಸಾರಿನ ಮಾತು ತೆಗೆದು ನೋಡಿ. ಮೀಸೆ ತಾನಾಗಿಯೇ ಮೇಲೇರುತ್ತದೆ. ‘ಆ ಸಾರಿನ ಬಣ್ಣ ನಮ್ದ್ರೀ’ ಎನ್ನುತ್ತಾರೆ. ಮಾತು ಸುಳ್ಳಲ್ಲ. ಕರಾವಳಿಯ ಮಸಾಲೆ ಅರೆಯುವವರಿಗೆ ಸುಕ್ಕುಗಟ್ಟಿದ ಬ್ಯಾಡಗಿ ಬೇಕೇ ಬೇಕು. ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಫೆಬ್ರುವರಿ, ಮಾರ್ಚ್‌ನಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲ ಬಂದು ಬೀಳುವ ಆ ಪೇಟೆಯ ಘಾಟಿಗೆ ಬಸ್ಸಿನಲ್ಲಿ ಕೂತವರೂ ಸೀನುತ್ತಾರೆ. ಅದೇ ಹೊತ್ತಿಗೆ ಶಿರಸಿಯ ದಾರಿಯಲ್ಲಿ ನಿಂತರೆ ಇನ್ನೊಂದು ವ್ಯಾಪಾರ ಕಾಣುತ್ತದೆ. ಘಟ್ಟ ಇಳಿಯುವ ಲಾರಿಯಲ್ಲಿ ನಮ್ಮ ಮೆಣಸಿನಕಾಯಿ, ಘಟ್ಟ ಹತ್ತುವ ಗಾಡಿಯಲ್ಲಿ ಐಸ್ ಹೊದ್ದು ಮಲಗಿದ ಬಂಗುಡೆ.

ಇಷ್ಟರಲ್ಲಿ ತಪ್ಪೇನಿಲ್ಲ. ತಪ್ಪು ಶುರುವಾಗುವುದು ಮುಂದಿನ ಮಾತಿನಲ್ಲಿ. ‘ನಿಮ್ಮ ಕೆರೆ ಮೀನು ಹ್ಯಾಂಗ?’ ಎಂದು ಕೇಳಿ. ಮೀಸೆ ಇಳಿದು ಮೂಗು ಮೇಲೇರುತ್ತದೆ. ‘ಥೂ, ಕೆಸರು ವಾಸನಿ. ಮೀನು ಅಂದ್ರ ಕಾರವಾರದ್ದ್ರೀ.’

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮೀನು ತಿನ್ನುವ ಮನೆಗಳಲ್ಲಿ ಇದೀಗ ವೇದವಾಕ್ಯ. ಮೀನೆಂದರೆ ಸಮುದ್ರದ್ದು, ಮೀನುಗಾರನೆಂದರೆ ಕಡಲತಡಿಯವನು, ನಮ್ಮದು ಜೋಳ, ಹತ್ತಿ, ಗೋವಿನಜೋಳದ ನಾಡು, ಇಲ್ಲಿಯ ನೀರಿನಲ್ಲಿ ಇರುವುದು ಮೀನಲ್ಲ, ಮೀನಿನಂಥ ಏನೋ. ತಿನ್ನುವವರು ಮಾತ್ರ ಹೀಗೆ ನಂಬಿದ್ದರೆ ನಾಲಗೆಯ ಹಟ ಎಂದು ಬಿಟ್ಟುಬಿಡಬಹುದಿತ್ತು. ಮೀನು ಮುಟ್ಟದವರೂ, ಕೆರೆಯ ನೀರನ್ನು ಲೆಕ್ಕ ಹಾಕುವವರೂ, ನದಿಯ ಮರಳನ್ನು ಎತ್ತುವವರೂ ಇದನ್ನೇ ನಂಬಿದ್ದಾರೆ. ಆದ್ದರಿಂದ ಇದನ್ನು ಬಿಡುವ ಹಾಗಿಲ್ಲ.

ಮೊದಲು ವಾಸನೆಯ ವಿಚಾರಣೆ ನಡೆಯಲಿ, ಫಿರ್ಯಾದಿಗಳು ಅದನ್ನೇ ಮೊದಲು ಎತ್ತುತ್ತಾರೆ.

ಕೆರೆ ಮೀನಿನಲ್ಲಿ ಕೆಲವೊಮ್ಮೆ ಮಣ್ಣಿನ ವಾಸನೆ ಇರುತ್ತದೆ, ನಿಜ. ಅದಕ್ಕೊಂದು ಹೆಸರಿದೆ: ಜಿಯೋಸ್ಮಿನ್. ನೀರಿನಲ್ಲಿ, ಕೆಸರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ ಮತ್ತು ಕೆಲವು ಸೂಕ್ಷ್ಮಾಣುಗಳು ಅದನ್ನು ಹುಟ್ಟಿಸುತ್ತವೆ. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದೆ. ಮೊದಲ ಮಳೆಗೆ ಹೊಲದಿಂದ ಏಳುತ್ತದಲ್ಲ ಮಣ್ಣಿನ ವಾಸನೆ, ಅದರಲ್ಲಿರುವುದೂ ಇದೇ. ಹೊಲದಿಂದ ಎದ್ದರೆ ಕವಿತೆ ಬರೆಯುತ್ತೇವೆ, ಬಾಣಲೆಯಿಂದ ಎದ್ದರೆ ಮೂಗು ಮುಚ್ಚುತ್ತೇವೆ.

ಈ ವಾಸನೆ ಮೀನಿನ ಹುಟ್ಟುಗುಣವಲ್ಲ. ಅದು ನೀರಿನಿಂದ ಮೀನಿಗೆ ಅಂಟಿದ್ದು. ಅದೇ ಮೀನನ್ನು ಕೆಲವು ದಿನ ತಿಳಿನೀರಿನಲ್ಲಿ ಬಿಟ್ಟರೆ ಇಳಿದುಹೋಗುತ್ತದೆ. ಊರಿನ ಗಟಾರದ ನೀರು, ಹೊಲದ ಗೊಬ್ಬರ ಕೆರೆಗೆ ಸೇರಿದಷ್ಟೂ ಪಾಚಿ ಕೊಬ್ಬುತ್ತದೆ, ಪಾಚಿ ಕೊಬ್ಬಿದಷ್ಟೂ ವಾಸನೆ ಹೆಚ್ಚುತ್ತದೆ. ಅಂದರೆ ಪೇಟೆಯ ಮಗ್ಗುಲಿನ ಕೆರೆಯ ಮೀನು ತಿಂದು ‘ಕೆಸರು’ ಎಂದು ಮುಖ ಕಿವಿಚುವವನು ತನ್ನ ಬಚ್ಚಲ ನೀರಿಗೇ ಬೈಯುತ್ತಿದ್ದಾನೆ. ಇನ್ನು ಹುಣಸೆಹಣ್ಣಿನ ಸಂಗತಿ. ಜಿಯೋಸ್ಮಿನ್ ಹುಳಿಗೆ ಒಡೆದುಹೋಗುತ್ತದೆ. ಹೊಳೆದಂಡೆಯ ಮನೆಗಳಲ್ಲಿ ಕೆರೆ ಮೀನನ್ನು ಬೂದಿ ಹಚ್ಚಿ ತಿಕ್ಕಿ, ಉಪ್ಪು, ಹುಣಸೆರಸದಲ್ಲಿ ನೆನೆಯಿಟ್ಟು ಆಮೇಲೆ ಒಲೆಗೆ ಏರಿಸುತ್ತಿದ್ದ ಮುದುಕಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಈಗಿನ ಗಂಡಸರು ಮೀನು ತಂದು ಟೇಬಲ್ಲಿನ ಮೇಲಿಟ್ಟು, ಅರ್ಧ ಗಂಟೆಯಲ್ಲಿ ಫ್ರೈ ಆಗಬೇಕೆನ್ನುತ್ತಾರೆ.

ಈಗ ಎದುರು ಪಕ್ಷದ ವಾಸನೆ. ಸಮುದ್ರದ ಮೀನಿನ ಸುತ್ತ ಉಪ್ಪುನೀರು. ಉಪ್ಪು ಅದರ ಮೈಯಿಂದ ನೀರನ್ನು ಸದಾ ಹೀರುತ್ತಿರುತ್ತದೆ. ಹಾಗಾಗಿ ಅದು ಕಡಲನೀರನ್ನೇ ಕುಡಿದು ಉಪ್ಪನ್ನು ಹೊರಹಾಕುತ್ತಾ ಬದುಕಬೇಕು. ಸಿಹಿನೀರಿನ ಮೀನಿನದು ತಿರುಗಾಮುರುಗಾ ಪಾಡು: ನೀರು ಕೇಳದೆಯೇ ಮೈಯೊಳಗೆ ನುಗ್ಗುತ್ತದೆ, ಅದು ನೀರು ಕುಡಿಯುವುದೇ ಇಲ್ಲವೆನ್ನಬಹುದು, ಹೊರಹಾಕುವುದೇ ಅದರ ಕೆಲಸ. ಉಪ್ಪಿನಲ್ಲಿ ಬಾಳಲು ಕಡಲ ಮೀನು ತನ್ನ ಮಾಂಸದಲ್ಲಿ ಒಂದು ಸಂಯುಕ್ತವನ್ನು ಕೂಡಿಟ್ಟುಕೊಂಡಿರುತ್ತದೆ. ಸತ್ತಮೇಲೆ ಸೂಕ್ಷ್ಮಾಣುಗಳು ಅದನ್ನು ಒಡೆದು ಟ್ರೈಮೀಥೈಲಮೈನ್ ಮಾಡುತ್ತವೆ. ‘ಮೀನಿನ ವಾಸನೆ’ ಎಂದು ಓಣಿಗೆಲ್ಲ ಗೊತ್ತಾಗುತ್ತದಲ್ಲ, ಅದು ಇದು. ಸಿಹಿನೀರಿನ ಮೀನಿನಲ್ಲಿ ಆ ಸರಕು ಇಲ್ಲವೆನ್ನುವಷ್ಟು ಕಡಿಮೆ. ಹಳಸಿದ ಮೀನಿನ ಗುರುತನ್ನೇ ಮೀನಿನ ಪರಿಮಳವೆಂದು ತಿಳಿದು, ಆ ವಾಸನೆ ಇಲ್ಲದ್ದನ್ನು ಮೀನೇ ಅಲ್ಲ ಎನ್ನುವ ಸ್ಥಿತಿಗೆ ನಾವು ಬಂದಿದ್ದೇವೆ.

ಆಳಸಮುದ್ರದ ಟ್ರಾಲ್ ಬೋಟುಗಳು ಒಮ್ಮೆ ಹೊರಟರೆ ವಾರ, ಹತ್ತು ದಿನ ಕಡಲಲ್ಲೇ ಇರುತ್ತವೆ. ಮೊದಲ ದಿನ ಬಿದ್ದ ಮೀನು ದಡ ಕಂಡು, ಹರಾಜಾಗಿ, ಘಟ್ಟ ಹತ್ತಿ, ಏಪ್ರಿಲ್ಲಿನ ಬಿಸಿಲಲ್ಲಿ ನಮ್ಮೂರಿಗೆ ಬಂದಾಗ ‘ಫ್ರೆಶ್’ ಎಂಬ ಹೆಸರು ಹೊತ್ತಿರುತ್ತದೆ. ಸರಿಯಾಗಿ ಐಸ್ ಹಾಕಿದ್ದರೆ ಅದೂ ಕೆಟ್ಟದ್ದಲ್ಲ. ಆದರೆ ಐಸ್ ಎಲ್ಲೆಲ್ಲಿ ಕರಗಿತು, ಎಲ್ಲೆಲ್ಲಿ ಮತ್ತೆ ಸುರಿದರು ಎಂಬುದನ್ನು ನೋಡಿದವರು ಯಾರು? ಒಂದು ಮಾರ್ಚ್‌ನಲ್ಲಿ ಹೆಸರು ಹೇಳಬಾರದ ಅಂಗಡಿಯೊಂದರಿಂದ ನಾನು ತಂದ ಪಾಂಪ್ಲೆಟ್ಟು ಮನೆ ತಲುಪುವಷ್ಟರಲ್ಲಿ ಬೆರಳಿಟ್ಟಲ್ಲಿ ಗುಳಿ ಬೀಳುತ್ತಿತ್ತು. ಗುಳಿ ಮೇಲೇಳಲಿಲ್ಲ. ನಾಯಿ ಮೂಸಿ ಬಿಟ್ಟಿತು.

ಅದರ ಮರುವಾರವೇ ಹಾವೇರಿಯ ರಸ್ತೆ ಬದಿಗೆ ಕೂತ ಮೀನಿನ ಅಕ್ಕನ ಮುಂದೆ ನಿಂತಿದ್ದೆ. ಅಲ್ಯೂಮಿನಿಯಂ ಬೋಗುಣಿಯ ಮೇಲೆ ಒದ್ದೆ ಗೋಣಿಚೀಲ. ‘ಯಕ್ಕಾ, ಯಾವಾಗ ಹಿಡದಿದ್ದು?’ ಎಂದೆ. ಅವಳು ಉತ್ತರ ಕೊಡಲಿಲ್ಲ. ಗೋಣಿ ಸರಿಸಿದಳು. ಎರಡು ಕಿಲೋ ತೂಗುವ ಕಟ್ಲಾ ಒಂದರ ಕಿವಿರಿನ ಮುಚ್ಚಳ ಇನ್ನೂ ಏಳುತ್ತಿತ್ತು, ಬೀಳುತ್ತಿತ್ತು. ಹೆಬ್ಬೆರಳಿನಿಂದ ಅದನ್ನು ಎತ್ತಿ ತೋರಿಸಿದಳು. ಒಳಗೆ ದಾಸವಾಳದ ಕೆಂಪು. ‘ನೀವ ಕೇಳ್ರಿ ಅದನ್ನ, ಇನ್ನೂ ಮಾತಾಡ್ತೈತಿ’ ಎಂದಳು. ನನ್ನ ಪಕ್ಕದಲ್ಲಿ ಬೈಕು ನಿಲ್ಲಿಸಿದ್ದವರು ಬಗ್ಗಿ ನೋಡಿ, ‘ಕೆರೀದೇನ?’ ಎಂದು ಕೇಳಿ, ಬೈಕು ಒದ್ದು ಹೊರಟುಹೋದರು. ಆ ಜೀವಂತ ಮೀನಿಗೆ ಅವಳು ಹೇಳಿದ ಬೆಲೆ ನಾನು ಪಾಂಪ್ಲೆಟ್ಟಿಗೆ ಕೊಟ್ಟಿದ್ದರ ಕಾಲುಭಾಗವೂ ಇರಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಬಂಗುಡೆ, ತಾರ್ಲೆಯಂಥ ಎಣ್ಣೆಮೀನುಗಳಲ್ಲಿ ಒಮೇಗಾ-3 ಕೊಬ್ಬು ನಮ್ಮ ಗೆಂಡೆಗಿಂತ ಹೆಚ್ಚು. ಅದಕ್ಕಾಗಿ ತಿನ್ನುವವರು ತಿನ್ನಲಿ. ಕೆರೆ ಮೀನಿನ ಹೆಸರು ಕೆಡಿಸಿದವರು ನಮ್ಮಲ್ಲೂ ಇದ್ದಾರೆ. 2000ದಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ಶನ್ನು ಗುಂಡಿಗಳಲ್ಲಿ ಕೋಳಿತ್ಯಾಜ್ಯ ಸುರಿದು ಬೆಳೆಸುವ ದಂಧೆ ರಾಜ್ಯದ ಹಲವೆಡೆ ನಡೆದಿದೆ. ಅದನ್ನು ಕಂಡವರು ಮೀಸೆಯಿರುವ ಮೀನನ್ನೆಲ್ಲ ಅನುಮಾನಿಸಿದರೆ ತಪ್ಪು ಹೇಳಲಾರೆ. ಆದರೆ ಆ ಪಾಪ ಗುಂಡಿ ತೋಡಿದವನದು, ಕೆರೆಯದಲ್ಲ.

‘ಬಯಲುಸೀಮೆಗೂ ಮೀನಿಗೂ ಏನು ನಂಟು?’ ಎನ್ನುವವರಿಗೆ ಇತಿಹಾಸದ ನೆನಪೂ ಇಲ್ಲ. ಹಾವೇರಿಯ ಸಿದ್ಧೇಶ್ವರ ಗುಡಿಯಂಥವನ್ನು ಕಟ್ಟಿಸಿದ ಕಲ್ಯಾಣದ ಚಾಲುಕ್ಯರ ಅರಸು ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ‘ಮತ್ಸ್ಯವಿನೋದ’ ಎಂಬುದೇ ಒಂದು ಅಧ್ಯಾಯ. ಗಾಳ ಹಾಕುವುದು ಅರಸನ ಆಟಗಳಲ್ಲಿ ಒಂದು. ಅವನು ಮೀನುಗಳನ್ನು ಕಡಲಿನವು, ಹೊಳೆಯವು ಎಂದು ವಿಂಗಡಿಸುತ್ತಾನೆ. ಹುರುಪೆ ಇದ್ದವು, ಇಲ್ಲದವು ಎನ್ನುತ್ತಾನೆ. ಯಾವುದಕ್ಕೆ ಯಾವ ಮೇವು ಎಂದು ಹೇಳುತ್ತಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಬಿಡಿಸಿ ಬರೆದು ಜಗತ್ತಿಗೆ ತೋರಿಸಿದರು. ರಾಜಧಾನಿ ಕಡಲಿನಿಂದ ಎಷ್ಟು ದೂರ ನೋಡಿ, ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಉಪ್ಪುನೀರು, ಸಿಹಿನೀರು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡುವ ಬುದ್ಧಿ ಒಳನಾಡಿನ ಅರಸನಿಗೆ ಇತ್ತು.

ಅದೇ ಶತಮಾನದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿ ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಾ ವಚನ ಹೇಳಿದ. ಅವನ ಹೆಸರು ಹೊತ್ತ ಚೌಡಯ್ಯದಾನಪುರ ಇಂದಿಗೂ ಅಲ್ಲಿದೆ. ಹೊಳೆಯಿಂದ ಬದುಕಿದವರ ಮಾತು ಎಷ್ಟು ಖಡಕ್ಕಾಗಿರುತ್ತದೆ ಎಂಬುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಬೇಡ. ಜಯಂತಿಯ ದಿನ ಅವನ ಪಟ ಹೊತ್ತು ಮೆರವಣಿಗೆ ಮಾಡುವ ನಾವೇ ಅವನ ಕುಲದವರು ಹಿಡಿದ ಮೀನಿಗೆ ಮೂಗು ಮುರಿಯುತ್ತೇವೆ.

ತಮಾಷೆಯೆಂದರೆ, ಕಡಲತಡಿಯವರೇ ನಮ್ಮ ಹಾಗೆ ಯೋಚಿಸುವುದಿಲ್ಲ. ಕುಮಟೆಯ ಅಘನಾಶಿನಿ, ಕಾರವಾರದ ಕಾಳಿ ಕಡಲು ಸೇರುವ ಅಳಿವೆಗಳಲ್ಲಿ ಬೇಸಿಗೆ ಶುರುವಾದಂತೆ ಹೊಳೆಯ ಹರಿವು ತಗ್ಗಿ ಉಪ್ಪು ಮೇಲೇರುತ್ತಾ ಬರುತ್ತದೆ. ಆ ಅರೆಯುಪ್ಪಿನ ನೀರಿನ ನೊಗಲಿಗೆ, ಗಜನಿಯ ಸಿಗಡಿಗೆ, ಹಿನ್ನೀರಿನ ಬಳಚಿಗೆ ಅಲ್ಲಿಯವರು ಬೋಟಿನ ಮೀನಿಗಿಂತ ಹೆಚ್ಚು ಮರ್ಯಾದೆ ಕೊಡುತ್ತಾರೆ. ‘ಹೊಳೆಮೀನು’ ಎಂದು ಅವರು ಹೇಳುವಾಗ ಬಾಯಲ್ಲಿ ನೀರಿರುತ್ತದೆ. ಅವರಿಗೆ ಎಣಿಕೆ ಉಪ್ಪು–ಸಿಹಿಯದಲ್ಲ. ಯಾವ ನೀರು, ಯಾವ ತಿಂಗಳು, ಯಾರು ಹಿಡಿದದ್ದು ಎಂಬುದರದು. ಕರಾವಳಿಯಿಂದ ನಾವು ಮೀನು ತರಿಸಿಕೊಂಡೆವು, ಮೀನಿನ ತಿಳಿವಳಿಕೆಯನ್ನು ಅಲ್ಲೇ ಬಿಟ್ಟೆವು.

‘ಯಾವ ತಿಂಗಳು’ ಎಂಬ ಆ ಪ್ರಶ್ನೆಯನ್ನೇ ನಮ್ಮ ನೀರಿಗೆ ಕೇಳಬೇಕು. ಕೆರೆಯ ಮೀನಿಗೂ ಒಂದು ಸುಗ್ಗಿಯಿದೆ. ಅದು ಹೋಳಿಯಿಂದ ಬಸವ ಜಯಂತಿಯವರೆಗಿನ ಬೇಸಿಗೆ. ಮಳೆಗಾಲದಲ್ಲಿ ಕೆರೆಗೆ ಬಿಟ್ಟ ಕಟ್ಲಾ, ರೋಹು, ಮೃಗಾಲ್ ಮರಿ ಈ ಹೊತ್ತಿಗೆ ಕೈತುಂಬ ಬೆಳೆದಿರುತ್ತದೆ, ನೀರು ಇಳಿದು ಬಲೆಗೆ ಎಟುಕುತ್ತದೆ. ಈ ಮೂರೂ ಗಂಗೆಯ ಬಯಲಿನ ಜಾತಿಗಳು, ನಮ್ಮ ಮೂಲದವಲ್ಲ. ನಿಂತ ನೀರಿನಲ್ಲಿ ಅವು ತತ್ತಿ ಇಡುವುದಿಲ್ಲ. ಹಿಂದೆ ಹೊಳೆಯಲ್ಲಿ ಮರಿ ಸೋಸಿ ತರಬೇಕಿತ್ತು. ಒಡಿಶಾದ ಅಂಗುಲದಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿ ಗೆಂಡೆಗೆ ತತ್ತಿ ಇಡಿಸಿದ ಮೇಲೆ ಮರಿ ಕೈಗೆಟುಕಿತು. ಜುಲೈ 10 ದೇಶದಲ್ಲಿ ಮೀನು ಕೃಷಿಕರ ದಿನವಾದದ್ದು ಅದರಿಂದಲೇ. ದೇಶದಲ್ಲಿ ಈಗ ಸಿಗುವ ಮೀನಿನಲ್ಲಿ ಸುಮಾರು ಮುಕ್ಕಾಲು ಪಾಲು ಒಳನಾಡಿನದು. ‘ಮೀನೆಂದರೆ ಸಮುದ್ರ’ ಎನ್ನುವವರು ಉಳಿದ ಕಾಲು ಪಾಲನ್ನು ಹಿಡಿದುಕೊಂಡು ಮಾತಾಡುತ್ತಿದ್ದಾರೆ.

ಬಿಟ್ಟ ಮರಿ ಬೆಳೆದರೆ ಹಿಡಿದು ತಿನ್ನುವುದೇ ಸರಿ. ಬಿಟ್ಟರೆ ಮೇ ತಿಂಗಳ ನೀರೇ ಅದನ್ನು ಕೊಲ್ಲುತ್ತದೆ. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ರಾತ್ರಿಯಿಡೀ ಪಾಚಿಯೂ ಉಸಿರಾಡಿ ನಸುಕಿಗೆ ಇನ್ನೂ ತಳ ಕಾಣುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ಹುಟ್ಟುವ ಮುಂಚೆ ಹೆಗ್ಗೇರಿಯಂಥ ದೊಡ್ಡ ಕೆರೆಯ ಅಂಚಿಗೆ ಹೋದರೆ ಗೆಂಡೆಗಳು ನೀರಿನ ಮೇಲೆ ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಹುಡುಕುವುದನ್ನು ಕಾಣಬಹುದು. ಕುಚ್ಚು, ಚೇಳುಮೀನುಗಳಿಗೆ ಆ ಚಿಂತೆಯಿಲ್ಲ. ಅವು ಗಾಳಿಯನ್ನೇ ಉಸಿರಾಡಬಲ್ಲವು, ಕೆಸರಲ್ಲಿ ಹೂತು ಕಾಯಬಲ್ಲವು. ನಮ್ಮ ನೆಲದ ಮೂಲನಿವಾಸಿಗಳು ಅವೇ. ಮುಂದಿನ ಮಳೆಗೆ ಬೀಜ ಉಳಿಯುವುದು ಆ ಕೊನೆಯ ಕೆಸರುಗುಂಡಿಯಲ್ಲಿ.

ಸೊರಬ, ಸಾಗರ, ಶಿಕಾರಿಪುರದ ಕಡೆ, ನಮ್ಮ ಹಾನಗಲ್ಲಿನ ಅಂಚಿನಲ್ಲಿ ನಡೆಯುವ ಕೆರೆಬೇಟೆಯನ್ನು ನೋಡಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ನೀರು ಮೊಣಕಾಲಿಗೆ ಇಳಿದ ಮೇಲೆ ಊರವರು ದಿನ ಗೊತ್ತು ಮಾಡುತ್ತಾರೆ. ಹಣ ಕೊಟ್ಟವನು ಕೂಣಿ ಹಿಡಿದು ಇಳಿಯಬಹುದು. ಕೂಣಿಯೆಂದರೆ ಬಿದಿರಿನ, ತಳವಿಲ್ಲದ, ಕೆಳಗೆ ಅಗಲ ಮೇಲೆ ಕಿರಿದಾದ ಬುಟ್ಟಿ. ಕೆಸರಿಗೆ ಒತ್ತಿದಾಗ ಒಳಗೇನೋ ಬಡಿದರೆ ಮೇಲಿನ ಬಾಯಿಂದ ಕೈ ಇಳಿಸಿ ಹಿಡಿಯಬೇಕು. ನೂರಾರು ಜನ ಒಮ್ಮೆಗೇ ಇಳಿದರೆ ಅದು ಜಾತ್ರೆಯೇ. ಜಗಳವಾಗುತ್ತದೆ, ಪೊಲೀಸರೂ ಬರುತ್ತಾರೆ. ಪೇಟೆಯ ಪತ್ರಿಕೆ ಓದುಗರು ‘ಅನಾಗರಿಕ’ ಎನ್ನುತ್ತಾರೆ. ನಾನು ಹಾಗೆನ್ನುವುದಿಲ್ಲ. ಅಲ್ಲಿ ಕೆರೆ ಯಾರದು, ದಿನ ಯಾವುದು, ಹಣ ಎಲ್ಲಿಗೆ ಎಂಬುದು ಊರಿಗೆ ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ಇಳಿಯುವವರಿಗಿಂತ ನನಗೆ ಭಯ, ಗುತ್ತಿಗೆಯ ಕೊನೆಯ ಬೇಸಿಗೆಯಲ್ಲಿ ಪಂಪ್ ಇಟ್ಟು ಕೊನೆಯ ಗುಂಡಿಯನ್ನೂ ಬಳಿದು ಹೋಗುವವನದು. ಅವನನ್ನು ಯಾರೂ ಅನಾಗರಿಕ ಎನ್ನುವುದಿಲ್ಲ, ಅವನ ಹತ್ತಿರ ರಸೀದಿ ಇರುತ್ತದೆ.

ಹೊಳೆಯ ಕಥೆ ಇನ್ನೂ ಕೆಟ್ಟದ್ದು. ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಏಪ್ರಿಲ್ ಹೊತ್ತಿಗೆ ಎರಡರಲ್ಲೂ ಹರಿವು ನಿಂತು ಮಡುಗಳಷ್ಟೇ ಉಳಿಯುವ ವರ್ಷಗಳು ಬರುತ್ತವೆ. ಕುಡಿಯುವ ನೀರಿಗೆಂದು ಭದ್ರಾದಿಂದ ನೀರು ಬಿಡಿಸಿಕೊಳ್ಳುವ ಪಾಡು. ಆಗ ನಡೆಯುವ ಸಭೆಗಳಲ್ಲಿ ಊರಿಗೆಷ್ಟು, ಹೊಲಕ್ಕೆಷ್ಟು, ಕಾರ್ಖಾನೆಗೆಷ್ಟು ಎಂಬ ಲೆಕ್ಕ ನಡೆಯುತ್ತದೆ. ಮಡುವಿನಲ್ಲಿ ಬಾಳೆಮೀನಿಗೆ ಎಷ್ಟಡಿ ಬೇಕು ಎಂದು ಕೇಳಿದರೆ ಸಭೆ ನಕ್ಕೀತು. ಏಕೆ? ಮೀನು ಕರಾವಳಿಯ ವಿಷಯವಲ್ಲವೇ.

ನಗುವವರು ಎಂಬತ್ತರ ದಶಕವನ್ನು ನೆನೆಯಬೇಕು. ರಾಣೆಬೆನ್ನೂರು ಸೀಮೆಯ ನದಿದಂಡೆಯ ಊರುಗಳಲ್ಲಿ ಕೈಗಾರಿಕೆಯ ಕೊಳೆನೀರಿಗೆ ಮೀನು ಸತ್ತು ತೇಲಿದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ ಆ ನೀರಿನ ಪ್ರಶ್ನೆಯನ್ನು ಬೀದಿಗೂ ನ್ಯಾಯಾಲಯಕ್ಕೂ ಒಯ್ದಿತು. ಪ್ರಯೋಗಶಾಲೆಯ ವರದಿ ಬರುವ ಮುಂಚೆ ವರದಿ ಕೊಟ್ಟದ್ದು ಮೀನು. ಅದನ್ನು ಓದಬಲ್ಲವರಾಗಿದ್ದದ್ದು ದಿನವೂ ಬಲೆ ಬೀಸುವ ಅಂಬಿಗರು. ಹೊಳೆಯ ಮೀನನ್ನು ಯಾರೂ ಹಿಡಿಯದ, ಯಾರೂ ಕೊಳ್ಳದ ಊರಿನಲ್ಲಿ ಅದು ಸತ್ತರೆ ಗೊತ್ತಾಗುವುದು ಯಾರಿಗೆ? ಕುಡಿಯುವ ನೀರು ಮಾತ್ರ ಎಲ್ಲರ ಮನೆಗೂ ಅದೇ ಹೊಳೆಯಿಂದ ಬರುತ್ತದೆ.

ಈ ನಂಬಿಕೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಜೂನ್ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ರಾಜ್ಯದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಎಂಬುದೇ ಕಾರಣ. ಕರಾವಳಿಯ ಮಕ್ಕಳಿಗೂ ಅದು ಗೊತ್ತು. ಹಾವೇರಿಯ ಗ್ರಾಹಕನಿಗೂ ಗೊತ್ತು, ರೇಟು ಏರುವುದರಿಂದ. ಅದೇ ಜೂನ್‌ನಲ್ಲಿ, ಅದೇ ಮುಂಗಾರಿಗೆ, ನಮ್ಮ ಹಳ್ಳಕೊಳ್ಳಗಳಲ್ಲೂ ಹೊಸನೀರು ಬಂದ ರಾತ್ರಿ ಮೀನು ತತ್ತಿ ತುಂಬಿಕೊಂಡು ನೀರಿಗೆ ಎದುರಾಗಿ ಹತ್ತುತ್ತವೆ. ಆ ರಾತ್ರಿ ಬ್ಯಾಟರಿ, ಬಡಿಗೆ, ಸೊಳ್ಳೆಪರದೆ ಹಿಡಿದು ಅರ್ಧ ಊರೇ ಹಳ್ಳದಲ್ಲಿರುತ್ತದೆ. ಒಳನಾಡಿನ ಮೀನುಗಾರಿಕೆಗೂ ರಾಜ್ಯದಲ್ಲಿ 1996ರ ಕಾಯ್ದೆಯಿದೆ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು ಬ್ರಿಟಿಷರು 1897ರಲ್ಲೇ ಅಪರಾಧವೆಂದಿದ್ದರು. ಇಷ್ಟು ಕಾಯ್ದೆ ಇರುವ ನಾಡಿನಲ್ಲಿ ನಾವು ಮಾಡುವುದು ಸುಗ್ಗಿಯ ಏಪ್ರಿಲ್‌ನಲ್ಲಿ ಕೆರೆ ಮೀನು ಬೇಡವೆಂದು ಐಸಿನ ಬಂಗುಡೆ ಕೊಳ್ಳುವುದು, ಬಸುರಿನ ಜೂನ್‌ನಲ್ಲಿ ಪುಕ್ಕಟೆ ಸಿಕ್ಕಿತೆಂದು ಚೀಲ ತುಂಬುವುದು. ಕರಾವಳಿಯವರು ಮಾಡುವುದರ ಪಕ್ಕಾ ಉಲ್ಟಾ.

ಹೋದ ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ ರಾಣೆಬೆನ್ನೂರಿನಿಂದ ಬರುತ್ತಾ ಒಂದು ಕೆರೆಯ ಕೋಡಿಯ ಬಳಿ ನಿಂತೆ. ಕೋಡಿಯ ಕೆಳಗಿನ ಕಲ್ಲುಗಳ ಸಂದಿಯಲ್ಲಿ ಹತ್ತಾರು ಜನ. ಹನ್ನೆರಡು ವರ್ಷದ ಹುಡುಗನೊಬ್ಬ ಗೇಣುದ್ದದ ಮೀನು ಹಿಡಿದು ತಂದು ದಡದಲ್ಲಿ ಕುಕ್ಕಿದ. ಹೊಟ್ಟೆ ಒತ್ತಿದರೆ ಸಾಸಿವೆಯಂಥ ತತ್ತಿ ಬೆರಳ ಸಂದಿಯಿಂದ ಇಳಿಯಿತು. ಅವನು ಕೈ ಕೊಡವಿ ಲುಂಗಿಗೆ ಒರೆಸಿಕೊಂಡ.

‘ತಮ್ಮಾ, ಈಗ ಹಿಡಿಬಾರದೋ. ಮರಿ ಮಾಡೋ ಟೈಮ್ ಇದು. ಸಮುದ್ರದಾಗ ಬೋಟ್ ಬಂದ್ ಮಾಡ್ಯಾರ ನೋಡು’ ಎಂದೆ.

ಹುಡುಗ ಅಪ್ಪನ ಕಡೆ ನೋಡಿದ. ಅಪ್ಪ ಚೀಲದ ಬಾಯಿ ಅಗಲಿಸಿ ಹಿಡಿದಿದ್ದ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದಲೇ ಹೇಳಿದ: ‘ಅದು ಸಮುದ್ರದ್ದಕ್ಕರೀ ಸರ. ಇದು ಬರೇ ಕೆರಿ ಮೀನ.’